ಅಗುಳಿಯ ವಿಚಾರ

ಮೋಟಾರು ಕಾರಿನ ಮಾತು ಬಂದಾಗ ಜನ ಅದರ ಬಲವನ್ನು ಕೇಳುತ್ತಾರೆ, ವೇಗವನ್ನು ಕೇಳುತ್ತಾರೆ, ಸಲುಗೆಯಿದ್ದರೆ ಬೆಲೆಯನ್ನೂ ಕೇಳುತ್ತಾರೆ. ಅದರ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಹಿಡಿದಿರುವ ಕೊಂಡಿಗಳ ಕ್ಷೇಮವನ್ನು ಕೇಳಿದವರನ್ನು ನಾನು ಕಂಡಿಲ್ಲ. ಮನೆಯ ಬಾಗಿಲಿಗೆ ಅಗುಳಿ ಹೇಗೋ ಕೊಂಡಿಗೂ ಹಾಗೆಯೇ ಉಗುರಿನಷ್ಟು ಅಗಲದ ಒಂದು ಅಗುಳಿಯುಂಟು. ಅದು ಮುರಿದ ದಿನವೇ ಅದರ ಮಹಿಮೆ ತಿಳಿಯುವುದು.

ನಾವಿರುವುದು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ. ಇಬ್ಬರೇ ಕೂಡಬಹುದಾದ, ಮೇಲ್ಛಾವಣಿಯನ್ನು ಮಡಿಸಿಡಬಹುದಾದ, ಇಪ್ಪತ್ತು ವರ್ಷ ಮೀರಿದ ಸ್ಪೋರ್ಟ್ಸ್ ಕಾರೊಂದು ನಮ್ಮಲ್ಲಿದೆ. ಸಂಸಾರಸ್ಥನಿಗೆ ಇದೇಕೆಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ತಯಾರಿಸಿದವರ ಹೆಸರು ಇಲ್ಲಿ ಅನಾವಶ್ಯಕ. ಇಷ್ಟು ಕಾಲ ಎಂಜಿನ್ನಿನ ಕಾವಿನಲ್ಲಿ ಬೆಂದ ಪ್ಲಾಸ್ಟಿಕ್ಕು ಯಾರು ಮಾಡಿದ್ದಾದರೂ ಹಪ್ಪಳವಾಗುತ್ತದೆ.

ಕಳೆದ ಚೈತ್ರದಲ್ಲಿ ನನ್ನ ಮಗಳು ಈ ಕಾರಿನಲ್ಲಿ ಹೆದ್ದಾರಿಯನ್ನು ಸೇರುತ್ತಿದ್ದಾಗ ಎಂಜಿನ್ನು ಮೈ ನಡುಗಿಸಿ ಬಲಗುಂದಿತು. ಮುಂದಿನ ಫಲಕದಲ್ಲಿ ಹಳದಿಯ ದೀಪ ಮಿಟುಕಿತು. ಬೆನ್ನ ಹಿಂದೆಯೇ ಒಂದು ಲಾರಿ. ಹೇಗೋ ಪಕ್ಕಕ್ಕೆ ಸರಿಸಿ ನಿಲ್ಲಿಸಿದಳು. ರಿಪೇರಿ ಅಂಗಡಿಯೊಂದರವರು ನೋಡಿ, ಎಂಜಿನ್ನಿನ ತಂತಿಯ ಜಾಲವನ್ನೇ ಪೂರ್ತಿ ಬದಲಾಯಿಸಬೇಕೆಂದು ಹೇಳಿ ಕಾರಿನ ಬೆಲೆಗಿಂತ ಮಿಗಿಲಾದ ಮೊತ್ತವನ್ನು ಬರೆದುಕೊಟ್ಟರು. “ಮಾರಿಬಿಡಿ, ಇನ್ನೊಂದು ಸಲ ಲಾರಿಯವನು ಎಚ್ಚರವಾಗಿರುತ್ತಾನೆಂದು ಏನು ನಂಬಿಕೆ?” ಎಂದಳು ಮನೆಯಾಕೆ. ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಹಿಂದಿನ ಕಾರುಗಳಲ್ಲಿ ಎಲ್ಲ ಸಿಲಿಂಡರುಗಳಿಗೂ ಸೇರಿ ಒಂದೇ ಇಗ್ನಿಷನ್ ಕಾಯಿಲು ಇರುತ್ತಿತ್ತು. ನಮ್ಮ ಕಾರಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ನಾಲ್ಕು ಕಾಯಿಲುಗಳು, ಒಂದೊಂದೂ ತನ್ನ ಸ್ಪಾರ್ಕ್ ಪ್ಲಗ್ಗಿನ ನೆತ್ತಿಯ ಮೇಲೆಯೇ ಕುಳಿತಿರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಅದು 20,000 ವೋಲ್ಟಿಗೂ ಮೀರಿ ಏರಿಸಿ ಕಿಡಿ ಹಾರಿಸುತ್ತದೆ. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 50 ಕಿಡಿ! ಕೊಂಡಿಯಲ್ಲಿ ಮೂರು ತಂತಿ: ಒಂದು ಶಕ್ತಿಗೆ, ಒಂದು ಭೂಮಿಗೆ, ಒಂದು ಅಪ್ಪಣೆಗೆ. ಅಗುಳಿ ಮುರಿದ ಕೊಂಡಿ ಎಂಜಿನ್ನಿನ ಅದುರಿಗೆ ಕೂದಲೆಳೆಯಷ್ಟು ಸಡಿಲಿದರೂ ಅಪ್ಪಣೆ ತಪ್ಪುತ್ತದೆ, ಕಿಡಿ ತಪ್ಪುತ್ತದೆ. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ, ಅಲ್ಲಿ ಹೊಗೆಯನ್ನು ಶುದ್ಧಿಮಾಡುವ ಬಹು ಬೆಲೆಯ ಸಾಧನವನ್ನು ಸುಡುತ್ತದೆ. ಆದುದರಿಂದ ಮಿಟುಕುವ ದೀಪವನ್ನು ಕಂಡೂ ಓಡಿಸತಕ್ಕುದಲ್ಲ.

ದೋಷವನ್ನು ಓದುವ ಪುಟ್ಟ ಯಂತ್ರ ಪಿ0303 ಎಂದು ತೋರಿಸಿತು. ಮೂರನೆಯ ಸಿಲಿಂಡರು ಎಂದರ್ಥ. ಮೂರನೆಯ ಕಾಯಿಲನ್ನು ಎರಡನೆಯದರ ಸ್ಥಳಕ್ಕೆ ಹಾಕಿ ನೋಡಿದೆವು. ಕಾಯಿಲೇ ಅಪರಾಧಿಯಾಗಿದ್ದರೆ ದೋಷವೂ ಅದರ ಜೊತೆಗೆ ಹೋಗಿ ಪಿ0302 ಎನ್ನಬೇಕಾಗಿತ್ತು. ಹೋಗಲಿಲ್ಲ. ಕಾಯಿಲು ನಿರ್ದೋಷಿ; ತಪ್ಪು ಕೊಂಡಿಯದು.

ಹಳೆಯ ಗಡಿಯಾರವನ್ನೂ ರೇಡಿಯೋವನ್ನೂ ಬಿಚ್ಚಿ ಜೋಡಿಸಿದ ಕೈ ನನ್ನದು. ಆದರೆ ಎರಡು ವರ್ಷದಿಂದ ಬೆರಳ ತುದಿಗಳಿಗೆ ಸ್ಪರ್ಶವಿಲ್ಲ. ಕತ್ತಿನ ನರದ ದೋಷವೆಂದು ವೈದ್ಯರ ಅಭಿಪ್ರಾಯ. ಕೊಂಡಿಯೊಳಗೆ ತಂತಿಯ ತುದಿಯನ್ನು ಹಿಡಿದಿರುವ ನಾಲಗೆಯಂತಹ ತಗಡನ್ನು ಸೂಜಿಯಿಂದ ಮೀಟಬೇಕು. ಅದು ಕಣ್ಣಿನ ಕೆಲಸವಲ್ಲ, ಬೆರಳಿನದು. ಸೂಜಿಯನ್ನು ಮಗಳ ಕೈಗೆ ಕೊಟ್ಟು ನಾನು ದೀಪ ಹಿಡಿದೆ.

ಎಂಜಿನ್ನು ಪೂರ್ಣವಾಗಿ ತಣಿದ ಮೇಲೆ ಬ್ಯಾಟರಿಯ ಋಣ ತಂತಿಯನ್ನು ಕಳಚಿದಳು. ತಂತಿಗಳನ್ನು ಹಳೆಯ ಕೊಂಡಿಯಿಂದ ಹೊಸದಕ್ಕೆ ಒಂದೊಂದಾಗಿಯೇ ದಾಟಿಸಬೇಕು; ಮೂರನ್ನೂ ಒಮ್ಮೆಗೇ ಹೊರಗೆಳೆದರೆ ಸ್ಥಾನಪಲ್ಲಟವಾಗುವ ಭಯ. ಒಂದು ತಂತಿಯ ತುದಿ ಬಾಯಿಬಿಟ್ಟು ಸಡಿಲವಾಗಿತ್ತು. ಅದನ್ನು ಕತ್ತರಿಸಿ ಹೊಸ ತುದಿ ಹಾಕಬೇಕು. “ಬೆಸುಗೆ ಹಾಕಲೇನಪ್ಪ?” ಎಂದಳು. ಬೇಡವೆಂದೆ. ಕರಗಿದ ಬೆಸುಗೆ ಎಳೆಗಳ ನಡುವೆ ಹರಿದು ತಂತಿಯನ್ನು ಅಷ್ಟುದ್ದ ಕಡ್ಡಿಯಂತೆ ಮಾಡುತ್ತದೆ. ಅದುರುವ ಕಡೆ ಆ ಕಡ್ಡಿಯ ಅಂಚಿನಲ್ಲಿಯೇ ಎಳೆಗಳು ಮುರಿಯುತ್ತವೆ. ತಕ್ಕ ಇಕ್ಕಳದಿಂದ ಅದುಮಿ ಕಚ್ಚಿಸುವುದೇ ಸರಿ. ಅದುಮಿದಳು, ಜಗ್ಗಿ ನೋಡಿದಳು, ಒಳಗೆ ತಳ್ಳಿದಳು. ‘ಟಿಕ್’ ಎಂಬ ಸಣ್ಣ ಶಬ್ದ. ಅದು ಕೇಳಿಸಿತೇ ಎಂದು ನನ್ನ ಮುಖವನ್ನು ನೋಡಿದಳು. ಕಿವಿ ಇನ್ನೂ ಚೆನ್ನಾಗಿದೆ, ಕೇಳಿಸಿತು.

ಈ ಸೀಮೆಯಲ್ಲಿ ಇಂತಹ ಕೆಲಸಕ್ಕೆ ಪೂರ್ವಾಚಾರವೇನೂ ಇಲ್ಲದಿಲ್ಲ. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಟ್ಸ್ ಎಂಬಾಕೆ, ಪತಿ ಕಾರ್ಲ್ ಬೆಂಟ್ಸ್ ನಿರ್ಮಿಸಿದ ಮೂರು ಚಕ್ರದ ಬಂಡಿಯನ್ನು ಅವನಿಗೆ ಹೇಳದೆ ಹೊರಡಿಸಿಕೊಂಡು, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿನ ತನ್ನ ತೌರಿಗೆ ನೂರು ಕಿಲೋಮೀಟರಿನಷ್ಟು ಹೋದಳು. ನಮ್ಮೂರಿನ ದಕ್ಷಿಣಕ್ಕಿರುವ ವೀಸ್‌ಲೋಖಿನ ಔಷಧದಂಗಡಿಯಲ್ಲಿ ಆಕೆ ಇಂಧನ ಕೊಂಡಳು. ಇಂಧನದ ಕೊಳವೆ ಕಟ್ಟಿದಾಗ ಟೋಪಿಯ ಸೂಜಿಯಿಂದ ಬಿಡಿಸಿದಳಂತೆ. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಬಿಚ್ಚಿ ಸುತ್ತಿದಳಂತೆ. ಮೋಟಾರು ಪ್ರಯಾಣದ ಚರಿತ್ರೆಯಲ್ಲಿ ತಂತಿಯ ರಿಪೇರಿ ಅಂಗಡಿಗಿಂತ ಮೊದಲು ಹೆಂಗಸಿನ ಕೈಯಲ್ಲಿ ನಡೆಯಿತೆಂದು ನಾನು ಹೇಳಲು, ಮನೆಯಾಕೆ, “ಆಕೆಯ ಹಿಂದೆ ಲಾರಿ ಇರಲಿಲ್ಲ” ಎಂದಳು.

ಸಂಖ್ಯೆಯನ್ನು ಅಳಿಸಿ ವೀಸ್‌ಲೋಖಿನವರೆಗೆ ಹೋಗಿಬಂದೆವು, ದೀಪ ಹತ್ತಲಿಲ್ಲ. ಮಾರುವ ಮಾತನ್ನು ಮನೆಯಾಕೆ ಹಿಂತೆಗೆದುಕೊಂಡಿಲ್ಲ, ಮುಂದಿನ ತಪಾಸಣೆಯವರೆಗೆ ತಡೆದಿದ್ದಾಳೆ. ಉಳಿದ ಮೂರು ಕೊಂಡಿಗಳೂ ಅದೇ ವಯಸ್ಸಿನವಲ್ಲವೆ? ಅವನ್ನು ಮಗಳು ಮರುವಾರ ನನ್ನನ್ನು ಕರೆಯದೆಯೇ ಬದಲಾಯಿಸಿದಳು. ಹಣೆಗೆ ಕಟ್ಟಿಕೊಳ್ಳುವ ದೀಪವೊಂದನ್ನು ಕೊಂಡುತಂದಿದ್ದಾಳೆ.