ಲಾಗ್ ಪುಸ್ತಕವೂ ಕೈಸಾಲವೂ

ಗಣಿತವೆಂದರೆ ಗಂಡಸರ ಸೊತ್ತು ಎಂಬಂತೆ ಮಾತಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥವರನ್ನು ಒಂದು ದಿನ ನಮ್ಮೊಡನೆ ಪೇಟೆಗೆ ಕರೆದೊಯ್ಯಬೇಕು. ಹತ್ತು ರೂಪಾಯಿಯ ಕೊತ್ತಂಬರಿ ಕಟ್ಟು ಇಪ್ಪತ್ತಾದರೆ ನಾವು ಹೌಹಾರುತ್ತೇವೆ. ಸಾವಿರ ರೂಪಾಯಿಯ ಸೀರೆಗೆ ಅದೇ ಹತ್ತು ರೂಪಾಯಿ ಏರಿದರೆ ಗಮನಿಸುವುದೂ ಇಲ್ಲ. ನಮ್ಮ ಮನಸ್ಸು ಕೇಳುವುದು 'ಎಷ್ಟು ಹೆಚ್ಚಾಯಿತು' ಎಂದಲ್ಲ, 'ಎಷ್ಟು ಪಟ್ಟಾಯಿತು' ಎಂದು. ಪಠ್ಯಪುಸ್ತಕದಲ್ಲಿ ಲಘುಗಣಕವೆಂಬ ಹೆಸರು ಹೊತ್ತು ನಮ್ಮನ್ನು ಹೆದರಿಸಿದ ಲಾಗರಿದಮ್ಮಿನ ಗುಟ್ಟೂ ಇದೇ.

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ಲಾಗ್ ಪುಸ್ತಕ ನೆನಪಿರಬೇಕು. ಪುಟದ ತುಂಬ ಇರುವೆ ಸಾಲಿನಂಥ ಅಂಕಿಗಳು. ಅದನ್ನು ನೋಡುವುದು ಹೇಗೆಂದು ನಮಗೆ ಕಲಿಸಿದರು, ಏಕೆಂದು ಹೇಳಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಮಗಳ ಪಕ್ಕದಲ್ಲಿ ಕೂತು ಪಾಠ ಹೇಳುವಾಗ. ಹತ್ತನ್ನು ಹತ್ತರಿಂದ ಗುಣಿಸಿದರೆ ನೂರು. ಎರಡು ಹತ್ತುಗಳು ಸೇರಿ ಆದದ್ದರಿಂದ ನೂರರ ಲಾಗ್ 2. ಸಾವಿರದ್ದು 3. ನೂರನ್ನು ಸಾವಿರದಿಂದ ಗುಣಿಸಿದರೆ ಲಕ್ಷ. ಲಾಗಿನಲ್ಲಿ 2ಕ್ಕೆ 3 ಕೂಡಿಸಿದರೆ 5. ಲಕ್ಷದ ಸೊನ್ನೆಗಳೂ ಐದೇ ಅಲ್ಲವೇ? ದೊಡ್ಡ ಗುಣಾಕಾರ ಹೀಗೆ ಸಣ್ಣ ಕೂಡುವ ಲೆಕ್ಕವಾಗಿಬಿಡುತ್ತದೆ. ನಡುವಿನ ಸಂಖ್ಯೆಗಳಿಗೂ ಅವುಗಳದೇ ಮೆಟ್ಟಿಲುಂಟು. 2ರ ಲಾಗ್ 0.3010.

1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಈ ಉಪಾಯವನ್ನು ಪ್ರಕಟಿಸಿದಾಗ, ಉದ್ದುದ್ದ ಸಂಖ್ಯೆಗಳನ್ನು ಗುಣಿಸಿ ಬೇಸತ್ತಿದ್ದ ಖಗೋಳಶಾಸ್ತ್ರಜ್ಞರ ಅರ್ಧ ಶ್ರಮ ಇಳಿಯಿತು. ಹತ್ತರ ಆಧಾರದ ಕೋಷ್ಟಕವನ್ನು ಮೊದಲು ಸಿದ್ಧಪಡಿಸಿದವರು ಇಂಗ್ಲೆಂಡಿನ ಹೆನ್ರಿ ಬ್ರಿಗ್ಸ್.

ಈಗ ಕ್ಯಾಲ್ಕುಲೇಟರ್ ಇದೆ, ಇದೆಲ್ಲ ಯಾಕೆ ಎನ್ನುತ್ತೀರಾ? ಕೇಳಿ.

ನಮ್ಮ ಬೀದಿಯ ಒಬ್ಬಾಕೆ ಮಗನ ಕಾಲೇಜು ಫೀಸಿಗೆಂದು ಐವತ್ತು ಸಾವಿರ ಕೈಸಾಲ ಮಾಡಿದ್ದರು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ; ಕಟ್ಟದಿದ್ದರೆ ಅದು ಅಸಲಿಗೆ ಸೇರುತ್ತದೆ. ಎರಡು ತಿಂಗಳಿಂದ ಕಟ್ಟಿರಲಿಲ್ಲ. "ಮೂರು ರೂಪಾಯಿ ತಾನೇ ಅಕ್ಕಾ, ಮಗನಿಗೆ ಕೆಲಸ ಸಿಕ್ಕಿದ ಮೇಲೆ ಒಟ್ಟಿಗೇ ತೀರಿಸಿದರಾಯಿತು" ಎಂದರು. ಮಗಳ ಲಾಗ್ ಪುಸ್ತಕ ತಂದು ಅವರೆದುರೇ ಲೆಕ್ಕ ಹಾಕಿದೆ. ಸಾಲ ಪ್ರತಿ ತಿಂಗಳೂ 1.03 ಪಟ್ಟಾಗುತ್ತದೆ, ಅದರ ಲಾಗ್ 0.0128. ತಿಂಗಳಿಗೆ ಏರುವ ಮೆಟ್ಟಿಲು ಅಷ್ಟು. ಎರಡು ಪಟ್ಟಾಗಲು ಏರಬೇಕಾದ ಎತ್ತರ 0.3010. ಭಾಗಿಸಿದರೆ ಇಪ್ಪತ್ತಮೂರೂವರೆ. ಎರಡು ವರ್ಷ ತುಂಬುವ ಮೊದಲೇ ಒಂದು ಲಕ್ಷ! ಮಗನ ಓದು ಮುಗಿಯುವ ನಾಲ್ಕು ವರ್ಷಕ್ಕೆ ಎರಡು ಲಕ್ಷ ದಾಟುತ್ತದೆ.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಮರುವಾರ ಬಳೆಗಳನ್ನು ಬ್ಯಾಂಕಿನಲ್ಲಿಟ್ಟು, ಕಡಿಮೆ ಬಡ್ಡಿಗೆ ಸಾಲ ಪಡೆದು, ಕೈಸಾಲ ತೀರಿಸಿ ಬಂದರು. ಬರಿಗೈಯಲ್ಲಿ ಗಾಜಿನ ಬಳೆ ತೊಟ್ಟಿದ್ದರೂ ಮುಖ ಹಗುರವಾಗಿತ್ತು.

ಇದೇ ಲೆಕ್ಕ ನಮ್ಮ ಪರವಾಗಿಯೂ ದುಡಿಯುತ್ತದೆ. ವರ್ಷಕ್ಕೆ ನೂರಕ್ಕೆ ಏಳರಂತೆ ಬೆಳೆಯುವ ಠೇವಣಿ ಸುಮಾರು ಹತ್ತು ವರ್ಷಕ್ಕೆ ಇಮ್ಮಡಿ. ಮನೆಯ ಅಟ್ಟದಲ್ಲಿ ಹಳೆಯ ಲಾಗ್ ಪುಸ್ತಕವೇನಾದರೂ ಇದ್ದರೆ ರದ್ದಿಯವನಿಗೆ ಹಾಕಬೇಡಿ. ಸಾಲಪತ್ರಕ್ಕೆ ಸಹಿ ಮಾಡುವ ಮುನ್ನ ಒಮ್ಮೆ ತೆರೆದು ನೋಡಿ.