ಆಲಿಕಲ್ಲು ಬಿದ್ದ ದಿನದ ಅಭಿಮಾನಿಗಳು

2019ರ ಜುಲೈ 26, ಶುಕ್ರವಾರ. ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದ ಹತ್ತೊಂಬತ್ತನೆಯ ಹಂತ. ಆಲ್ಪ್ಸ್ ಪರ್ವತಗಳ ನಡುವೆ 126.5 ಕಿ.ಮೀ. ಓಟ, ದಾರಿಯಲ್ಲಿ 2,770 ಮೀಟರ್ ಎತ್ತರದ ಇಸೆರಾನ್ ಘಟ್ಟ, ಕೊನೆಗೆ ತೀನ್ಯ್ ಎಂಬ ಊರಿನ ಏರು. ಮೂರು ವಾರ ನಡೆಯುವ ಈ ಪಂದ್ಯದಲ್ಲಿ ದಿನದಿನದ ಸಮಯವನ್ನು ಕೂಡಿಸುತ್ತಾ ಹೋಗುತ್ತಾರೆ. ಒಟ್ಟಾರೆ ಮುಂದಿರುವವನಿಗೆ ಹಳದಿ ಅಂಗಿ. ಅಂದು ಬೆಳಗ್ಗೆ ಅದು ಜೂಲಿಯನ್ ಅಲಾಫಿಲಿಪ್ ಎಂಬ ಫ್ರೆಂಚ್ ಸವಾರನ ಮೈಮೇಲಿತ್ತು. 1985ರಲ್ಲಿ ಬರ್ನಾರ್ ಇನೋ ಗೆದ್ದ ಮೇಲೆ ಯಾವ ಫ್ರೆಂಚನೂ ಈ ಪಂದ್ಯ ಗೆದ್ದಿರಲಿಲ್ಲ. ಮೂವತ್ತನಾಲ್ಕು ವರ್ಷಗಳ ಹಸಿವು ಇಡೀ ದೇಶವನ್ನು ರಸ್ತೆ ಬದಿಗೆ ತಂದು ನಿಲ್ಲಿಸಿತ್ತು.

ಸಾವಿರಾರು ಮೈಲಿ ದೂರದ ಈ ಪಂದ್ಯಕ್ಕೂ ನಮಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ವಿಜಯಪುರ, ಬಾಗಲಕೋಟೆ ಸೀಮೆಗೆ ಸೈಕಲ್ ಪಂದ್ಯ ಹೊಸದೇನಲ್ಲ. ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ಎಷ್ಟೋ ಸವಾರರು ಇಲ್ಲಿಯ ಹಳ್ಳಿಗಳಿಂದ, ಒಕ್ಕಲುತನದ ಮನೆಗಳಿಂದ ಬಂದವರು. ಹಾಗಾಗಿ ಅಂದು ಸಂಜೆ ನಾವು ನಾಲ್ಕೈದು ಗೆಳೆಯರು ಒಂದು ಸಣ್ಣ ಪರದೆಯ ಮುಂದೆ ಕೂತಿದ್ದೆವು. ನಮ್ಮೊಂದಿಗೆ ಓಣಿಯ ಸೈಕಲ್ ರಿಪೇರಿಯ ಚಾಚಾ ಇದ್ದರು. ಒಂದು ಕಾಲದಲ್ಲಿ ತಾವೂ ಪಂದ್ಯಕ್ಕೆ ಇಳಿದವರು.

ಹಂತ ಆರಂಭವಾಗಿ ಬಹಳ ಹೊತ್ತಾಗುವ ಮೊದಲೇ ಮೊದಲ ಏಟು ಬಿತ್ತು. ಅಲಾಫಿಲಿಪ್‌ನಷ್ಟೇ ಫ್ರಾನ್ಸ್ ನಂಬಿದ್ದ ಇನ್ನೊಬ್ಬ ಸವಾರ ತಿಬೋ ಪಿನೋ. ಆರು ದಿನಗಳ ಹಿಂದೆ ತುರ್ಮಾಲೆ ಶಿಖರದಲ್ಲಿ ಗೆದ್ದಿದ್ದ. ಈಗ ತೊಡೆಯ ಸ್ನಾಯು ಹರಿದು, ಅಳುತ್ತಲೇ ಪೆಡಲ್ ತುಳಿಯುತ್ತಿದ್ದ. ಜೊತೆಗಾರನೊಬ್ಬ ಪಕ್ಕಕ್ಕೆ ಬಂದು ಅವನನ್ನು ತಬ್ಬಿ ಸಮಾಧಾನ ಮಾಡುತ್ತಿದ್ದ. ಕೊನೆಗೆ ಪಿನೋ ಸೈಕಲ್ ಇಳಿದು ತಂಡದ ಕಾರು ಹತ್ತಿದ.

ಬಳಿಕ ಇಸೆರಾನ್ ಏರಿನಲ್ಲಿ ಇಪ್ಪತ್ತೆರಡರ ಹುಡುಗ, ಕೊಲಂಬಿಯಾದ ಎಗಾನ್ ಬರ್ನಾಲ್ ಎಲ್ಲರನ್ನೂ ಹಿಂದೆ ಬಿಟ್ಟ. ಅವನ ಊರು ಸಿಪಾಕಿರಾ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಇತರರು ಉಸಿರಿಗೆ ಬಾಯಿ ಬಿಡುವ ಜಾಗ ಅವನಿಗೆ ಮನೆಯ ಅಂಗಳವಿದ್ದಂತೆ. ಬೆಳಗ್ಗೆ ಅಲಾಫಿಲಿಪ್‌ಗಿಂತ ಒಂದೂವರೆ ನಿಮಿಷ ಹಿಂದಿದ್ದವನು ಶಿಖರ ದಾಟುವಾಗ ಅವನಿಗಿಂತ ಎರಡು ನಿಮಿಷಕ್ಕೂ ಹೆಚ್ಚು ಮುಂದಿದ್ದ. ಇನ್ನು ಇಳಿಜಾರು. ಅಲಾಫಿಲಿಪ್ ಇಳಿಜಾರಿನ ಗಟ್ಟಿಗ. ಆಟ ಇನ್ನೂ ಮುಗಿದಿರಲಿಲ್ಲ.

ಅಷ್ಟರಲ್ಲಿ ಘಟ್ಟದ ಆಚೆ ಬದಿಗೆ ಆಲಿಕಲ್ಲಿನ ಮಳೆ ಹೊಡೆದಿತ್ತು. ರಸ್ತೆ ಬೆಳ್ಳಗಾಗಿತ್ತು, ಇನ್ನೊಂದು ಕಡೆ ಗುಡ್ಡದ ಮಣ್ಣು ದಾರಿಗೆ ಕುಸಿದಿತ್ತು. ಯಂತ್ರವೊಂದು ಹಿಮನೀರನ್ನು ತಳ್ಳುತ್ತಿರುವ ದೃಶ್ಯ ಪರದೆಯ ಮೇಲೆ ಬಂತು. ಅದೇ ದಾರಿಯ ಕಡೆಗೆ ಸವಾರರು ಇಳಿಯುತ್ತಿದ್ದರು. ಸುಮಾರು 37 ಕಿ.ಮೀ. ಬಾಕಿಯಿದ್ದ ಇಸೆರಾನ್ ಶಿಖರದ ಸಮಯವನ್ನೇ ಹಿಡಿದು ಸಂಘಟಕರು ಪಂದ್ಯ ನಿಲ್ಲಿಸಿದರು. ಆ ಹಂತಕ್ಕೆ ವಿಜೇತನೇ ಇಲ್ಲ. ಹಳದಿ ಅಂಗಿ ಬರ್ನಾಲ್‌ನದಾಯಿತು, 45 ಸೆಕೆಂಡುಗಳ ಅಂತರದಲ್ಲಿ.

ನಮ್ಮ ಗೆಳೆಯರೊಬ್ಬರು ಸಿಟ್ಟಾದರು. "ಇದೇನು ನ್ಯಾಯ? ಇಳಿಜಾರಿನಲ್ಲಿ ಅವನು ಹಿಡಿದೇಬಿಡುತ್ತಿದ್ದ" ಎಂದರು. ಚಾಚಾ ಬೀಡಿ ಆರಿಸಿ ಹೇಳಿದರು: "ರೇಸ್ ನಾಳೆನೂ ನಡಿತದರಿ. ಮುರದ ಬೆನ್ನೆಲುಬು ನಾಳೆ ಹುಟ್ಟೂದಿಲ್ಲ." ಆಮೇಲೆ ಅವರದೇ ಭಾಷೆಯಲ್ಲಿ ಬಿಡಿಸಿ ಹೇಳಿದರು. ಒದ್ದೆಯಾದ ರಿಮ್‌ನ ಮೇಲೆ ಬ್ರೇಕ್ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೆ ಗಾಲಿ ಹಿಡಿಯಬೇಕು. ಒರೆಸುವ ಆ ಒಂದು ಕ್ಷಣದಲ್ಲಿ ತಿರುವು ಬಂದೇಬಿಡುತ್ತದೆ. ನೆಲಕ್ಕೆ ತಾಗುವ ಟೈರ್ ಹೆಬ್ಬೆರಳಿನಷ್ಟು. ವೇಗ ಗಂಟೆಗೆ ಎಪ್ಪತ್ತು, ಎಂಬತ್ತು. ಮೈಮೇಲೆ ಇರುವುದು ಒಂದು ತೆಳು ಅಂಗಿ.

ಗೆಳೆಯರ ಸಿಟ್ಟಿಗೂ ಒಂದು ಚರಿತ್ರೆಯಿದೆ. ಸೈಕಲ್ ಪಂದ್ಯದ ದಂತಕತೆಗಳು ಹೆಚ್ಚಾಗಿ ಕೆಟ್ಟ ಹವೆಯಲ್ಲೇ ಹುಟ್ಟಿವೆ. 1988ರ ಜೂನ್ 5ರಂದು ಇಟಲಿಯ ಗಾವಿಯಾ ಘಟ್ಟದಲ್ಲಿ ಹಿಮ ಸುರಿಯುತ್ತಿದ್ದರೂ ಪಂದ್ಯ ನಿಲ್ಲಲಿಲ್ಲ. ಶಿಖರವನ್ನು ಮೊದಲು ದಾಟಿದ ಯೋಹಾನ್ ವಾನ್ ದರ್ ವೆಲ್ಡೆ ಚಳಿಗೆ ನಡುಗಿ, ಇಳಿಯುವ ದಾರಿಯಲ್ಲಿ ಆಸರೆ ಹುಡುಕಿ 40 ನಿಮಿಷಕ್ಕೂ ಹೆಚ್ಚು ಕಳೆದುಕೊಂಡ. ಅಮೆರಿಕದ ಆಂಡಿ ಹ್ಯಾಂಪ್‌ಸ್ಟನ್ ಆ ದಿನ ಗುಲಾಬಿ ಅಂಗಿ ತೊಟ್ಟು ಮುಂದೆ ಇಡೀ ಪಂದ್ಯ ಗೆದ್ದ. 2010ರ ಮೇ 15ರಂದು ಮೊಂತಾಲ್ಚೀನೋ ಊರಿನ ಮಣ್ಣು ದಾರಿಗಳು ಮಳೆಗೆ ಕೆಸರಾದವು. ಕ್ಯಾಡೆಲ್ ಇವಾನ್ಸ್ ಗೆದ್ದು ಬಂದಾಗ ವಿಶ್ವ ಚಾಂಪಿಯನ್ನನ ಅಂಗಿಯ ಬಣ್ಣಗಳು ಕೆಸರಿನಡಿ ಅಡಗಿದ್ದವು. ಅಭಿಮಾನಿಗಳು ಇಂದಿಗೂ ಆ ಚಿತ್ರಗಳನ್ನು ಎದೆಗೊತ್ತಿಕೊಂಡಿದ್ದಾರೆ.

ಉರ್ದು ಶಾಲೆಯಲ್ಲಿ ನಾವು ಕಲಿತ ಎರಡು ಪದಗಳು ಆ ಸಂಜೆ ನೆನಪಾದವು. ನೋಟ ನೋಡುವವನು ತಮಾಷ್‌ಬೀನ್. ನೋವಿನಲ್ಲಿ ಪಾಲುದಾರನಾಗುವವನು ಹಮ್‌ದರ್ದ್. ಕನ್ನಡಕ್ಕೆ ಬರುವಾಗ ಆ 'ತಮಾಷಾ' ನಗುವ 'ತಮಾಷೆ'ಯಾಗಿಬಿಟ್ಟಿತು. ಬೆಚ್ಚಗೆ ಕೂತವನಿಗೆ ಇನ್ನೊಬ್ಬನ ಚಳಿ ಚೆಂದದ ನೋಟವಾಗುವುದು ಸುಲಭ. ಅದಕ್ಕೆ ಹೊರಗಿನಿಂದ ಒಂದು ಕಟ್ಟು ಬೇಕಾಗುತ್ತದೆ. ಅತಿಕೆಟ್ಟ ಹವೆಯಲ್ಲಿ ಪಂದ್ಯ ನಡೆಸಬೇಕೇ ಬೇಡವೇ ಎಂದು ಕೂತು ನಿರ್ಧರಿಸುವ ನಿಯಮ ವೃತ್ತಿಪರ ಸೈಕಲ್ ಪಂದ್ಯಗಳಿಗೆ ಬಂದದ್ದು 2016ರಲ್ಲಿ, ಗಾವಿಯಾದ ಹಿಮ ಬಿದ್ದು ಇಪ್ಪತ್ತೆಂಟು ವರ್ಷಗಳಾದ ಮೇಲೆ.

ಎರಡು ದಿನಗಳ ನಂತರ ಸಿಪಾಕಿರಾದ ಚೌಕ ಹಳದಿಯಾಗಿತ್ತು. ಟೂರ್ ಗೆದ್ದ ಮೊದಲ ಕೊಲಂಬಿಯನ್ ತಮ್ಮೂರ ಹುಡುಗ ಎಂದು ಜನ ಕುಣಿದರು. ಹದಿನಾಲ್ಕು ದಿನ ಹಳದಿ ಅಂಗಿ ಹೊತ್ತ ಅಲಾಫಿಲಿಪ್ ಐದನೆಯವನಾದ. 2022ರ ಜನವರಿಯಲ್ಲಿ ಅಭ್ಯಾಸದ ವೇಳೆ ಬರ್ನಾಲ್ ನಿಂತ ಬಸ್ಸೊಂದಕ್ಕೆ ಡಿಕ್ಕಿ ಹೊಡೆದು ಬೆನ್ನೆಲುಬು ಮುರಿದುಕೊಂಡ. ಪುಣ್ಯಕ್ಕೆ ಎದ್ದು ನಡೆದ, ಅದೇ ವರ್ಷ ಮತ್ತೆ ಪಂದ್ಯಕ್ಕೂ ಇಳಿದ. ಆ ಸುದ್ದಿ ಓದಿದಾಗ ಚಾಚಾರ ಮಾತು ನಮ್ಮನ್ನು ಮತ್ತೆ ತಟ್ಟಿತು.

ಪಿನೋ ಟೂರ್ ಗೆಲ್ಲಲೇ ಇಲ್ಲ. 2023 ತನ್ನ ಕೊನೆಯ ವರ್ಷವೆಂದು ಸಾರಿದ್ದ. ಆ ಜುಲೈ 22ರಂದು ಪಂದ್ಯ ಅವನ ತವರಿನ ಬೆಟ್ಟಗಳಿಗೆ ಬಂದಾಗ ಪೆಟಿ ಬಾಲೋನ್ ಏರಿನ ತಿರುವೊಂದರಲ್ಲಿ ಅಭಿಮಾನಿಗಳು ಅವನ ಹೆಸರಿನ ಫಲಕಗಳೊಂದಿಗೆ ಗೋಡೆಯಂತೆ ನೆರೆದಿದ್ದರು. ಒಬ್ಬನೇ ಮುಂದೆ ಬಂದ ಪಿನೋನಿಗೆ ಸೈಕಲ್ ಹಾಯುವಷ್ಟೇ ದಾರಿ. ಸ್ವಲ್ಪ ಹೊತ್ತಿಗೆ ಹಿಂದಿನವರು ಅವನನ್ನು ಹಿಡಿದರು; ಹಂತ ಗೆದ್ದವನು ತಾದೇಯ್ ಪೊಗಾಚಾರ್. ಆದರೆ ಆ ತಿರುವಿನಲ್ಲಿ ನಿಂತವರು ಗೆಲುವಿಗಾಗಿ ಬಂದವರಾಗಿರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಅಳುತ್ತಾ ಕಾರು ಹತ್ತಿದವನನ್ನು ಮರೆಯದೆ ಉಳಿದವರು ಅವರು. ಅಂಥವರಿಗೆ ಕನ್ನಡದಲ್ಲಿ ಅಭಿಮಾನಿ ಎನ್ನುತ್ತೇವೆ. ಉರ್ದುವಿನಲ್ಲಾದರೆ ಹಮ್‌ದರ್ದ್ ಎನ್ನಬಹುದು.