ಎಲೆ ಹೇಳಿದ ಹೆಸರು

ಇಟಲಿ ದೇಶದ ಭೂಪಟವು ಬೂಟು ತೊಟ್ಟ ಕಾಲಿನಂತೆ ತೋರುವುದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಬೂಟಿನ ಹಿಮ್ಮಡಿಯೇ ಸಲೆಂತೊ ಸೀಮೆ. ಒಂದು ಮಗ್ಗುಲಲ್ಲಿ ಏಡ್ರಿಯಾಟಿಕ್ ಕಡಲು, ಇನ್ನೊಂದು ಮಗ್ಗುಲಲ್ಲಿ ಅಯೋನಿಯನ್ ಕಡಲು. ನಡುವೆ ಕೆಂಪು ಮಣ್ಣು, ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆಗಳು, ಆಲಿವ್ ತೋಪುಗಳು. ಲೆಚ್ಚೆ ನಗರದಿಂದ ಗಲ್ಲೀಪೊಲಿಗೆ ಹೋಗುವ ಸಣ್ಣ ರೈಲಿನಲ್ಲಿ ಕಿಟಕಿಯ ಬಳಿ ಕುಳಿತ ಪ್ರವಾಸಿಗೆ ಒಂದು ಕಾಲದಲ್ಲಿ ಕಣ್ಣು ಹಾಯುವಷ್ಟು ದೂರವೂ ಬೆಳ್ಳಿಯ ಛಾಯೆಯ ಎಲೆಗಳೇ ಕಾಣುತ್ತಿದ್ದವು. ಇಂದು ಅದೇ ಕಿಟಕಿಯಿಂದ ಹಲವೆಡೆ ಕಾಣುವುದು ಬೂದು ಬಣ್ಣಕ್ಕೆ ತಿರುಗಿದ ಬರಿಯ ಕೊಂಬೆಗಳು.

ಗಲ್ಲೀಪೊಲಿ ಎಂದರೆ ಗ್ರೀಕ್ ಮೂಲದಲ್ಲಿ ಸುಂದರ ನಗರವೆಂದು ಅರ್ಥ. ಹಳೆಯ ಊರು ಪುಟ್ಟ ದ್ವೀಪವೊಂದರ ಮೇಲಿದ್ದು, ಸೇತುವೆಯು ಅದನ್ನು ನೆಲಕ್ಕೆ ಕೂಡಿಸುತ್ತದೆ. ಅಲ್ಲಿನ ದೊಡ್ಡ ಮನೆಗಳ ಕೆಳಗೆ ಬಂಡೆಯನ್ನು ಕೊರೆದು ಮಾಡಿದ ಎಣ್ಣೆಗಾಣಗಳುಂಟು. ಚಳಿಗಾಲದಲ್ಲಿ ಎಣ್ಣೆ ಹೆಪ್ಪುಗಟ್ಟಬಾರದೆಂದು ನೆಲದಡಿಯ ಬೆಚ್ಚನೆಯ ಜಾಗವನ್ನು ಪೂರ್ವಿಕರು ಆರಿಸಿಕೊಂಡಿದ್ದರು. ಪ್ರಾಣಿಗಳು ಗುಂಡುಕಲ್ಲನ್ನು ತಿರುಗಿಸುತ್ತ, ಆಳುಗಳು ತಿಂಗಳುಗಟ್ಟಲೆ ಬಿಸಿಲು ಕಾಣದೆ ದುಡಿಯುತ್ತ ತೆಗೆದ ಎಣ್ಣೆಯಲ್ಲಿ ಬಹುಪಾಲು ಅಡಿಗೆಗಲ್ಲ, ದೀಪಕ್ಕೆ. 18ನೆಯ ಶತಮಾನದಲ್ಲಿ ಈ ಬಂದರಿನಿಂದ ಹಡಗೇರಿದ ಎಣ್ಣೆ ದೂರದ ಲಂಡನ್ನಿನ ದೀಪಗಳನ್ನೂ ಬೆಳಗಿತು. ಈ ಸೀಮೆಯ ತೋಪುಗಳಲ್ಲಿ ತುಂಬಿದ್ದವು ಮುಖ್ಯವಾಗಿ ಎರಡು ತಳಿಗಳು: ಒಲ್ಯರೋಲ ಸಲೆಂತೀನ ಮತ್ತು ಚೆಲ್ಲೀನ ದಿ ನರ್ದೊ.

2013ರ ಅಕ್ಟೋಬರಿನಲ್ಲಿ ಗಲ್ಲೀಪೊಲಿಯ ಸುತ್ತಣ ತೋಪುಗಳಲ್ಲಿ ಕ್ಸೈಲೆಲ್ಲ ಫ್ಯಾಸ್ಟಿಡಿಯೋಸ ಎಂಬ ಬ್ಯಾಕ್ಟೀರಿಯ ಇರುವುದು ಪತ್ತೆಯಾಯಿತು. ಅದು ಮರದೊಳಗೆ ನೀರು ಏರುವ ನಾಳಗಳಲ್ಲಿ ಮನೆಮಾಡಿ ಅವನ್ನು ಕಟ್ಟಿಬಿಡುತ್ತದೆ. ಬೇರಿನ ಬಳಿ ನೀರಿದ್ದರೂ ಎಲೆ ಬಾಯಾರಿ ಸುಟ್ಟಂತಾಗುತ್ತದೆ. ಮರಿಯಾಗಿದ್ದಾಗ ಹುಲ್ಲಿನ ಮೇಲೆ ಉಗುಳಿನಂಥ ನೊರೆಯಲ್ಲಿ ಅಡಗಿರುವ ಒಂದು ಪುಟ್ಟ ಕೀಟ ಬೆಳೆದು ಹಾರಾಡುವಾಗ ಈ ರೋಗವನ್ನು ಮರದಿಂದ ಮರಕ್ಕೆ ಮುಟ್ಟಿಸುತ್ತದೆ. ಮಧ್ಯ ಅಮೆರಿಕದಿಂದ ತರಿಸಿದ ಕಾಫಿ ಗಿಡದೊಡನೆ ರೋಗವು ಇಲ್ಲಿಗೆ ಬಂದಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಸೋಂಕಿದ ಮರಗಳನ್ನು ಕಡಿಯಬೇಕೆಂಬ ಆಜ್ಞೆ ಹೊರಟಾಗ ಜನರು ಅಡ್ಡ ನಿಂತರು. ಅಜ್ಜನ ಅಜ್ಜ ನೆಟ್ಟ ಮರಕ್ಕೆ ಕೊಡಲಿ ಹಾಕಲು ಯಾರಿಗೆ ತಾನೆ ಮನಸ್ಸು ಬಂದೀತು? 2015ರ ಡಿಸೆಂಬರಿನಲ್ಲಿ ಲೆಚ್ಚೆಯ ಸರ್ಕಾರಿ ಅಭಿಯೋಜಕರು ಮರ ಕಡಿಯುವುದನ್ನು ತಡೆದು ವಿಜ್ಞಾನಿಗಳ ಮೇಲೆಯೇ ತನಿಖೆ ಹೂಡಿದರು. 2019ರಲ್ಲಿ ಆ ಮೊಕದ್ದಮೆ ಕೈಬಿಡಲ್ಪಟ್ಟಿತು. ಅಷ್ಟರಲ್ಲಿ ಲಕ್ಷೋಪಲಕ್ಷ ಮರಗಳು ಒಣಗಿದ್ದವು.

ಒಣಗಿದ ತೋಪುಗಳ ನಡುವೆ ಅಲ್ಲೊಂದು ಇಲ್ಲೊಂದು ಮರ ಮಾತ್ರ ಹಸುರಾಗಿ ನಿಂತಿತ್ತು. ಅದೇ ಮಣ್ಣು, ಅದೇ ಗಾಳಿ, ಅದೇ ಕೀಟ. ಆದರೂ ಅದೇಕೆ ಉಳಿಯಿತು? ಪರೀಕ್ಷಿಸಿದಾಗ ಅಂಥವುಗಳಲ್ಲಿ ಮುಖ್ಯವಾದುದು ಲೆಚ್ಚೀನೊ ಎಂಬ ಬೇರೆ ತಳಿಯೆಂದು ತಿಳಿಯಿತು. ಬ್ಯಾಕ್ಟೀರಿಯ ಅದರೊಳಗೂ ಹೊಗುತ್ತದೆ, ಆದರೆ ಅಷ್ಟಾಗಿ ವೃದ್ಧಿಯಾಗುವುದಿಲ್ಲ. ಸೋಂಕು ತಗುಲಿದಾಗ ಈ ಮರವು ತನ್ನ ಅಂಗಾಂಶದಲ್ಲಿ ಲಿಗ್ನಿನ್ ಎಂಬ ಗಟ್ಟಿ ದ್ರವ್ಯವನ್ನು ಹೆಚ್ಚಾಗಿ ಕೂಡಿಸಿಕೊಳ್ಳುತ್ತದೆಂದು ಸಂಶೋಧಕರು ಕಂಡುಕೊಂಡರು. ಫಾವೊಲೋಸ ಎಂಬ ಹೊಸ ತಳಿಯೂ ರೋಗಕ್ಕೆ ಎದುರು ನಿಲ್ಲಬಲ್ಲುದೆಂದು ಗೊತ್ತಾಯಿತು. ಅಂದಿನಿಂದ ಸಲೆಂತೊದಲ್ಲಿ ಮರದ ಹೆಸರು ಬರಿಯ ಹೆಸರಾಗಿ ಉಳಿಯಲಿಲ್ಲ. ಅದು ಆಯುಸ್ಸಿನ ಲೆಕ್ಕವಾಯಿತು.

ಆದರೆ ಆಲಿವ್ ಮರದ ಹೆಸರನ್ನು ಹೇಳುವುದು ಸುಲಭವಲ್ಲ. ಒಂದೇ ತಳಿಗೆ ಊರಿಗೊಂದು ಹೆಸರು. ಒಂದೇ ಹೆಸರಿನಲ್ಲಿ ಎರಡು ತಳಿ. ಹಣ್ಣಿನ ಆಕಾರ, ಬೀಜದ ಮೇಲಿನ ಗೆರೆಗಳು ಇವನ್ನು ನೋಡಿ ಪಳಗಿದ ಕಣ್ಣು ಗುರುತಿಸಬಲ್ಲುದು. ಆದರೆ ಹಣ್ಣು ಬರುವುದು ವರ್ಷಕ್ಕೊಮ್ಮೆ, ಅದೂ ಕೆಲವು ವರ್ಷ ಬಲು ಕಡಮೆ. ಸಸಿಮಡಿಯಿಂದ ಕೊಂಡ ಎಳೆಯ ಗಿಡ ಫಲ ಕೊಡುವುದಕ್ಕೆ ರೈತ ವರ್ಷಗಟ್ಟಲೆ ಕಾಯಬೇಕು. ಅಷ್ಟು ಕಾದ ಮೇಲೆ ತಾನು ತಂದದ್ದು ಲೆಚ್ಚೀನೊ ಅಲ್ಲವೆಂದು ತಿಳಿದರೆ ಅವನ ಗತಿಯೇನು? ಎಲೆಯಾದರೋ ಹನ್ನೆರಡು ತಿಂಗಳೂ ಮರದ ಮೇಲಿರುತ್ತದೆ.

ಆ ಎಲೆ ಬಲು ಕಹಿ. ಸಸ್ಯಶಾಸ್ತ್ರದ ಪ್ರಕಾರ ಕನ್ನಡನಾಡಿನ ಮಲ್ಲಿಗೆ, ಪಾರಿಜಾತಗಳು ಆಲಿವಿನ ಕುಲಬಂಧುಗಳು. ಜ್ವರ ಬಂದಾಗ ಪಾರಿಜಾತದ ಎಲೆಯ ಕಷಾಯ ಕುಡಿದು ಮುಖ ಕಿವಿಚಿದವರಿಗೆ ಈ ಕಹಿಯನ್ನು ಊಹಿಸುವುದು ಕಷ್ಟವಾಗದು. ಆಲಿವ್ ಎಲೆಯ ಕಹಿಗೆ ಮುಖ್ಯ ಕಾರಣ ಓಲ್ಯುರೊಪೀನ್ ಎಂಬ ವಸ್ತು. ಅದರೊಡನೆ ಹೈಡ್ರಾಕ್ಸಿಟೈರೊಸಾಲ್, ವರ್ಬಾಸ್ಕೊಸೈಡ್, ಲೂಟಿಯೊಲಿನ್ನಿನ ಸಂಯುಕ್ತಗಳು ಮುಂತಾದುವೂ ಇರುತ್ತವೆ. ಎಲ್ಲ ತಳಿಗಳಲ್ಲಿಯೂ ಇರುವುವು ಹೆಚ್ಚುಕಡಮೆ ಇವೇ, ಬೇರೆಯಾಗುವುದು ಪ್ರಮಾಣ. ನಾಲ್ಕು ಮನೆಗಳ ಸಾರಿನಪುಡಿಯಲ್ಲಿ ಸಾಮಾನು ಒಂದೇ ಆದರೂ ರುಚಿ ಬೇರೆಯಾಗುವಂತೆ.

ಆ ಪ್ರಮಾಣವನ್ನು ಅಳೆಯುವುದಕ್ಕೆ ಎಲೆಯನ್ನು ಒಣಗಿಸಿ ಪುಡಿಮಾಡಿ, ನೀರು ಬೆರೆಸಿದ ಮದ್ಯಸಾರದಲ್ಲಿ ನೆನೆಸಿ ಸೋಸುತ್ತಾರೆ. ಬಂದ ರಸವನ್ನು ಸಣ್ಣ ಕಣಗಳು ಕಿಕ್ಕಿರಿದ ನಳಿಕೆಯೊಂದರಲ್ಲಿ ಒತ್ತಡದಿಂದ ಹಾಯಿಸುತ್ತಾರೆ. ಕಣಗಳಿಗೆ ಹೆಚ್ಚು ಅಂಟುವ ವಸ್ತು ತಡವಾಗಿಯೂ ಕಡಮೆ ಅಂಟುವುದು ಬೇಗನೆಯೂ ಹೊರಬೀಳುತ್ತದೆ. ಪ್ರತಿಯೊಂದು ಹೊರಬಿದ್ದಾಗಲೂ ಯಂತ್ರವು ಒಂದೊಂದು ಶಿಖರವನ್ನು ಬರೆಯುತ್ತದೆ. ಈ ಶಿಖರಗಳ ಎತ್ತರ ತಗ್ಗುಗಳ ಸಾಲೇ ತಳಿಯ ಹಸ್ತಾಕ್ಷರ. ನಂಬಿಕೆಯ ಮರಗಳಿಂದ ಪಡೆದ ಹಸ್ತಾಕ್ಷರಗಳೊಡನೆ ಹೋಲಿಸಿ ಹೊಸ ಎಲೆ ಯಾವ ಗುಂಪಿಗೆ ಸೇರಿದುದೆಂದು ಗಣಿತದಿಂದ ನಿರ್ಣಯಿಸುತ್ತಾರೆ.

ಆದರೆ ಈ ಹಸ್ತಾಕ್ಷರವು ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಎಳೆಯ ಎಲೆಗೂ ಬಲಿತ ಎಲೆಗೂ, ಬೇಸಿಗೆಯ ಎಲೆಗೂ ಚಳಿಗಾಲದ ಎಲೆಗೂ, ನೀರುಂಡ ಮರಕ್ಕೂ ಬಾಯಾರಿದ ಮರಕ್ಕೂ ಪ್ರಮಾಣ ಬದಲಾಗುತ್ತದೆ. ರೋಗವೂ ಅದನ್ನು ತಿದ್ದುತ್ತದೆ. ಆದ್ದರಿಂದ ಹೋಲಿಸುವ ಎಲೆಗಳು ಒಂದೇ ತಿಂಗಳಲ್ಲಿ, ಒಂದೇ ವಯಸ್ಸಿನಲ್ಲಿ, ಸಾಧ್ಯವಾದರೆ ಒಂದೇ ತೋಪಿನಲ್ಲಿ ಕಿತ್ತವಾಗಿರಬೇಕು. ಕೊನೆಯ ಮಾತನ್ನು ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆಗೆ ಬಿಡುತ್ತಾರೆ. ಡಿಎನ್‌ಎ ಮರದ ಹೆಸರನ್ನು ಖಚಿತವಾಗಿ ಹೇಳುತ್ತದೆ. ಎಲೆಯ ರಸಾಯನವು ಆ ಹೆಸರಿನ ಮರ ಇಂದು ಹೇಗೆ ಬದುಕುತ್ತಿದೆ, ಹೇಗೆ ಹೋರಾಡುತ್ತಿದೆ ಎಂಬುದನ್ನೂ ಹೇಳುತ್ತದೆ. ಎರಡೂ ಬೇಕು.

ಇಂದು ಸಲೆಂತೊದ ಕೆಂಪು ಮಣ್ಣಿನಲ್ಲಿ ಲೆಚ್ಚೀನೊ, ಫಾವೊಲೋಸ ಗಿಡಗಳ ಸಾಲುಗಳು ಏಳುತ್ತಿವೆ. ಎರಡೇ ತಳಿಗಳ ಮೇಲೆ ಒಂದು ಸೀಮೆಯ ಬಾಳನ್ನೆಲ್ಲ ನಿಲ್ಲಿಸುವುದು ಕ್ಷೇಮವೆ ಎಂಬ ಚಿಂತೆಯೂ ಇದೆ; ಆದಕಾರಣ ತಾನಾಗಿ ಮೊಳೆತ ಕಾಡುಸಸಿಗಳಲ್ಲಿ ಹೊಸ ಬಲವನ್ನು ಹುಡುಕುವ ಕೆಲಸವೂ ನಡೆದಿದೆ. ಕೆಲವರು ಮುದಿಮರವನ್ನು ಕಡಿಯಲೊಪ್ಪದೆ ಅದರ ಬೊಡ್ಡೆಗೆ ಲೆಚ್ಚೀನೊ ಕುಡಿಯನ್ನು ಕಸಿಮಾಡಿದ್ದಾರೆ. ಎಲ್ಲ ಕಸಿಯೂ ಹತ್ತುವುದಿಲ್ಲ. ಹತ್ತಿದ ಕಡೆ, ಶತಮಾನಗಳ ಕಾಲ ತಿರುಚಿಕೊಂಡು ಬೆಳೆದ ಕಾಂಡದ ತಲೆಯ ಮೇಲೆ ಎಳೆಯ ಕೊಂಬೆಗಳು ಬೆಳ್ಳಗೆ ಮಿನುಗುತ್ತವೆ. ಮೇಲಿನ ಎಲೆಯನ್ನು ಕಿತ್ತು ಕೇಳಿದರೆ ಅದು ಲೆಚ್ಚೀನೊ ಎನ್ನುತ್ತದೆ. ಬುಡದಲ್ಲಿ ಒಡೆದ ಚಿಗುರನ್ನು ಕೇಳಿದರೆ ಅದು ಇನ್ನೂ ತನ್ನ ಹಳೆಯ ಹೆಸರನ್ನೇ ಹೇಳುತ್ತದೆ.